ಊರಿಗೊಂದೇ ಕಂಪ್ಯೂಟರ್ ಅಂಗಡಿ ಸಾಕೇ?

‘ಊರಿಗೊಬ್ಬಳೇ ಪದ್ಮಾವತಿ’ ಎಂಬ ಗಾದೆ ಸಣ್ಣ ಪಟ್ಟಣಗಳ ವ್ಯಾಪಾರಕ್ಕೂ ಒಪ್ಪುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ತಾಲ್ಲೂಕು ಕೇಂದ್ರಗಳಲ್ಲಿ ಯಾವುದೇ ಕಸುಬನ್ನು ತೆಗೆದುಕೊಂಡರೂ ಅದರಲ್ಲಿ ಬೇರೂರಿದ ಹೆಸರು ಒಂದೋ ಎರಡೋ ಇರುತ್ತವೆ. ಕಂಪ್ಯೂಟರ್ ಕೆಟ್ಟರೆ ಎಲ್ಲಿಗೆ ಒಯ್ಯಬೇಕೆಂದು ಯಾರನ್ನು ಕೇಳಿದರೂ ಬಾಯಿಗೆ ಬರುವುದು ಅದೇ ಹೆಸರು. ಹೀಗಿರುವಾಗ ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿದ ಮಗ, ‘ಇಲ್ಲೇ ಒಂದು ರಿಪೇರಿ ಅಂಗಡಿ ಹಾಕತೀನಿ’ ಎಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆಯೂ ಅದೇ: ‘ಅಷ್ಟು ದೊಡ್ಡ ಅಂಗಡಿ ಇರುವಾಗ ನಿನ್ನ ಹತ್ರ ಯಾರು ಬರ್ತಾರೋ?’

ಪ್ರಶ್ನೆ ಸರಿಯಾದದ್ದೇ. ಅಂಗಡಿಗೆ ಹಾಕುವ ಹಣ ಬಹಳ ಮನೆಗಳಲ್ಲಿ ಮಗಳ ಮದುವೆಗೆಂದು ಕೂಡಿಟ್ಟದ್ದು, ಇಲ್ಲವೇ ಒಂದು ಹಂಗಾಮಿನ ಹತ್ತಿಯೋ ಕಬ್ಬೋ ಮಾರಿ ಬಂದದ್ದು. ಅದು ಮುಳುಗಿದರೆ ಮತ್ತೆ ಕೂಡಿಸಲು ವರ್ಷಗಳು ಬೇಕು. ಇನ್ನೊಂದು ಕಡೆ ಮಗ ಬೆಂಗಳೂರು, ಪುಣೆಗಳ ದಾರಿ ಹಿಡಿದರೆ ಸಂಬಳದ ಬಹುಪಾಲು ಬಾಡಿಗೆಗೂ ಊಟಕ್ಕೂ ಹೋಗುತ್ತದೆ, ಊರಿನ ಮನೆ ಬರಿದಾಗುತ್ತದೆ. ಈ ಎರಡರ ನಡುವೆ ತೀರ್ಮಾನಿಸುವಾಗ ಧೈರ್ಯ ಬೇಕು, ಅದರ ಜೊತೆಗೆ ಲೆಕ್ಕವೂ ಬೇಕು. ಹಳೆಯ ಅಂಗಡಿಯ ಎದುರು ಹೊಸ ಅಂಗಡಿ ನಿಲ್ಲುವುದು ಹೇಗೆ, ಎಲ್ಲಿ ಸೋಲುತ್ತದೆ, ಎಲ್ಲಿ ಗೆಲ್ಲುತ್ತದೆ ಎಂಬುದನ್ನು ವಿದ್ಯಾರ್ಥಿಗಳೂ ತಂದೆ ತಾಯಂದಿರೂ ಒಟ್ಟಿಗೆ ಕುಳಿತು ತಿಳಿದುಕೊಳ್ಳಬೇಕು.

ಟೈಪ್‌ರೈಟರಿನಿಂದ ಪಹಣಿಯವರೆಗೆ

ತಾಲ್ಲೂಕು ಪಟ್ಟಣಗಳಲ್ಲಿ ದುರಸ್ತಿಯ ಕಸುಬು ಹೊಸದಲ್ಲ. ಒಂದು ಕಾಲಕ್ಕೆ ಕೈಗಡಿಯಾರ, ರೇಡಿಯೋ, ಹೊಲಿಗೆ ಯಂತ್ರ, ಟೈಪ್‌ರೈಟರುಗಳನ್ನು ಸರಿಪಡಿಸುವವರು ಪೇಟೆಯ ಒಂದೊಂದು ಮೂಲೆಯಲ್ಲಿ ಕೂತಿರುತ್ತಿದ್ದರು. 1990ರ ದಶಕದಲ್ಲಿ ಟೈಪಿಂಗ್ ಕಲಿಸುವ ಸಂಸ್ಥೆಗಳ ಒಳಗೆ ಒಂದೆರಡು ಕಂಪ್ಯೂಟರುಗಳು ಬಂದು ಕುಳಿತವು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಿಂದಾಗಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದಿತು. ಕಂಪ್ಯೂಟರ್ ಎಂದರೆ ಏನೆಂದು ನೋಡಿರದ ರೈತ ಕೂಡ ತಹಶೀಲ್ದಾರ ಕಚೇರಿಯಲ್ಲಿ ಅದರ ಮುಂದೆ ಸರದಿಯಲ್ಲಿ ನಿಂತ. ಮುಂದೆ ನಾಡಕಚೇರಿ, ಉಪನೋಂದಣಿ ಕಚೇರಿ, ಶಾಲೆ, ಕಾಲೇಜು, ಆಸ್ಪತ್ರೆ, ಗ್ರಾಮ ಪಂಚಾಯಿತಿ, ಗ್ರಾಮ ಒನ್ ಕೇಂದ್ರ ಎಲ್ಲವೂ ಈ ಯಂತ್ರವನ್ನೇ ನೆಚ್ಚಿಕೊಂಡವು.

ಇತ್ತೀಚಿನ ಒಂದು ಬೆಳವಣಿಗೆಯನ್ನು ವಿಶೇಷವಾಗಿ ಗಮನಿಸಬೇಕು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಸಹಕಾರ ಸಂಘಗಳು ಹಳ್ಳಿಹಳ್ಳಿಗೂ ಹರಡಿರುವ ಬೆಳಗಾವಿ ಜಿಲ್ಲೆಗೆ ಇದರ ಅರ್ಥ ದೊಡ್ಡದು. ಹಳ್ಳಿಯ ಸೊಸೈಟಿಯ ಕಂಪ್ಯೂಟರ್ ಮಾರ್ಚ್ ತಿಂಗಳ ಕೊನೆಯ ವಾರ ಕೆಟ್ಟು ನಿಂತರೆ ಸಾಲದ ಲೆಕ್ಕವೇ ನಿಲ್ಲುತ್ತದೆ. ರಾಮದುರ್ಗದಿಂದ ಬೆಳಗಾವಿ ಸುಮಾರು 100 ಕಿಲೋಮೀಟರ್ ದೂರ. ಅಲ್ಲಿಂದ ಯಾರಾದರೂ ಬಂದು ಸರಿಪಡಿಸಲಿ ಎಂದು ಕಾಯುವಷ್ಟು ವ್ಯವಧಾನ ಯಾವ ಕಾರ್ಯದರ್ಶಿಗೂ ಇರುವುದಿಲ್ಲ.

ಎಂದ ಮೇಲೆ ಕೆಲಸಕ್ಕೆ ಬರವಿಲ್ಲ. ಆ ಕೆಲಸ ಹೊಸಬನ ಕೈಗೆ ಏಕೆ ಬರಬೇಕು ಎಂಬುದೇ ಉಳಿಯುವ ಪ್ರಶ್ನೆ.

ಹಳೆಯ ಅಂಗಡಿಯ ಬಲ ಎಲ್ಲಿದೆ?

ಎದುರಾಳಿಯನ್ನು ಹಗುರವಾಗಿ ಕಾಣುವವನು ಮೊದಲ ವರ್ಷವೇ ಬಾಗಿಲು ಹಾಕುತ್ತಾನೆ. ಹತ್ತು ಹದಿನೈದು ವರ್ಷ ನಡೆದ ಅಂಗಡಿಗೆ ನಾಲ್ಕು ಬಗೆಯ ಬಲವಿರುತ್ತದೆ. ಮೊದಲನೆಯದು ಉದ್ರಿ. ಹುಬ್ಬಳ್ಳಿ, ಬೆಳಗಾವಿಯ ಸಗಟು ವ್ಯಾಪಾರಿಗಳು ಹಳೆಯ ಗಿರಾಕಿಗೆ ತಿಂಗಳ ಉದ್ರಿ ಕೊಡುತ್ತಾರೆ, ಹೊಸಬನಿಗೆ ರೊಕ್ಕ ಎಣಿಸಿದ ಮೇಲೆಯೇ ಮಾಲು. ಎರಡನೆಯದು ಬಿಡಿಭಾಗಗಳ ದಾಸ್ತಾನು. ಕೆಟ್ಟ ಭಾಗ ತೆಗೆದು ಇನ್ನೊಂದನ್ನು ಹಾಕಿ ನೋಡುವುದು ದುರಸ್ತಿಯ ಅತಿ ಸುಲಭ ಪರೀಕ್ಷೆ. ಹಾಕಿ ನೋಡಲು ಇನ್ನೊಂದು ಭಾಗವೇ ಇಲ್ಲದವನು ಊಹೆಯ ಮೇಲೆ ನಡೆಯಬೇಕು. ಮೂರನೆಯದು ಶಾಲೆ, ಬ್ಯಾಂಕು, ಕಾರ್ಖಾನೆಗಳೊಡನೆ ಇರುವ ವಾರ್ಷಿಕ ನಿರ್ವಹಣಾ ಕರಾರು. ನಾಲ್ಕನೆಯದು ಹೆಸರು. ‘ಅವ ಗೊತ್ತಿದ್ದಂವ’ ಎಂಬ ಒಂದು ಮಾತು ನೂರು ಜಾಹೀರಾತಿಗೆ ಸಮ.

ಬಲವಿದ್ದಲ್ಲಿ ಕೆಲವು ಜಡತೆಗಳೂ ಬೆಳೆಯುತ್ತವೆ. ದೊಡ್ಡ ಅಂಗಡಿಗೆ ಹೊಸ ಯಂತ್ರ ಮಾರುವುದರಲ್ಲಿ, ಸಿ.ಸಿ. ಕ್ಯಾಮೆರಾ ಕೂಡಿಸುವುದರಲ್ಲಿ ಲಾಭ ಹೆಚ್ಚು. ವಿದ್ಯಾರ್ಥಿಯ ಹಳೆಯ ಲ್ಯಾಪ್‌ಟಾಪ್‌ನ ಸಣ್ಣ ಕೆಲಸ ಮೂಲೆಯಲ್ಲಿ ವಾರಗಟ್ಟಲೆ ಕೂರುತ್ತದೆ. ‘ನಾಳೆ ಬರ್ರಿ’ ಎಂಬ ಮಾತು ನಾಲ್ಕು ಸಲ ಕೇಳಿದ ಗಿರಾಕಿ ಐದನೆಯ ಸಲ ಬೇರೆ ಬಾಗಿಲು ಹುಡುಕುತ್ತಾನೆ. ಹಳ್ಳಿಗೆ ಹೋಗಿ ಮಾಡುವ ಕೆಲಸಕ್ಕೆ ದೊಡ್ಡ ಅಂಗಡಿಯ ಹುಡುಗರು ಸುಲಭಕ್ಕೆ ಏಳುವುದಿಲ್ಲ. ಹೊಸ ಅಂಗಡಿಗೆ ಇರುವ ಸಂದು ಇದೇ. ಆದರೆ ಸಂದಿನಲ್ಲಿ ನುಗ್ಗಲು ಬಹಳ ಹುಡುಗರು ಹಿಡಿಯುವ ದಾರಿ ಬೇರೆ. ಅವರು ಬೆಲೆ ಇಳಿಸುತ್ತಾರೆ.

ಬೆಲೆ ಇಳಿಸಿದರೆ ಗೆಲುವೇ?

ಒಂದು ಉದಾಹರಣೆಯ ಲೆಕ್ಕ ಹಾಕೋಣ. ಅಂಗಡಿಯ ಬಾಡಿಗೆ ತಿಂಗಳಿಗೆ 4,000 ರೂಪಾಯಿ, ವಿದ್ಯುತ್, ಇಂಟರ್ನೆಟ್ ಮತ್ತು ಫೋನಿಗೆ 2,000, ಬೈಕಿನ ಪೆಟ್ರೋಲಿಗೆ 3,000, ಸಾಲದ ಕಂತು 3,000 ಎಂದಿಟ್ಟುಕೊಂಡರೆ ಒಟ್ಟು 12,000 ರೂಪಾಯಿ. ಒಂದೂ ಯಂತ್ರ ಬಾರದಿದ್ದರೂ ಈ ಖರ್ಚು ತಪ್ಪದು. ಮನೆಗೆ ಇನ್ನು 12,000 ಒಯ್ಯಬೇಕೆಂದರೆ ತಿಂಗಳಿಗೆ 24,000 ರೂಪಾಯಿ ಗಳಿಸಬೇಕು. ಬಿಡಿಭಾಗದ ಬೆಲೆ ಕಳೆದು ಒಂದು ಕೆಲಸಕ್ಕೆ ಸರಾಸರಿ 300 ರೂಪಾಯಿ ಕೈಗೆ ಉಳಿದರೆ 80 ಕೆಲಸಗಳು ಬೇಕು. ತಿಂಗಳಿಗೆ 25 ದಿನ ಅಂಗಡಿ ತೆರೆದರೆ ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು.

ಈಗ ಹಳೆಯ ಅಂಗಡಿಗಿಂತ ಅಗ್ಗವಾಗಬೇಕೆಂದು 300ರ ಬದಲು 200 ತೆಗೆದುಕೊಳ್ಳಲು ಹೊರಟರೆ? ಅದೇ 24,000ಕ್ಕೆ 120 ಕೆಲಸ ಬೇಕು. ಬೆಲೆ ಇಳಿದದ್ದು ಮೂರನೇ ಒಂದು ಭಾಗ, ಕೆಲಸ ಹೆಚ್ಚಬೇಕಾದದ್ದು ಅರ್ಧದಷ್ಟು. ದಿನಕ್ಕೆ ಸುಮಾರು ಐದು. ಒಂದೊಂದು ಕೆಲಸಕ್ಕೆ ಎರಡು ಗಂಟೆ ಹಿಡಿದರೂ ಹತ್ತು ಗಂಟೆ ತಲೆ ಎತ್ತುವಂತಿಲ್ಲ. ಅವಸರದ ಕೆಲಸ ಕೆಡುತ್ತದೆ, ಕೆಟ್ಟ ಕೆಲಸ ಹೆಸರನ್ನು ಕೆಡಿಸುತ್ತದೆ. ಇಷ್ಟರ ಮೇಲೆ ಹಳೆಯ ಅಂಗಡಿಯವನೂ ಬೆಲೆ ಇಳಿಸಿದರೆ ಅವನು ಆರು ತಿಂಗಳು ತಾಳಬಲ್ಲ, ಹೊಸಬ ಆರು ವಾರವೂ ತಾಳಲಾರ.

ಇದರ ಬದಲು ಹತ್ತು ಸಣ್ಣ ಗಿರಾಕಿಗಳೊಡನೆ, ಅಂದರೆ ಒಂದು ಫೋಟೋ ಸ್ಟುಡಿಯೋ, ಒಂದು ಝೆರಾಕ್ಸ್ ಅಂಗಡಿ, ಎರಡು ಸೊಸೈಟಿ, ಒಂದು ಔಷಧಿ ಅಂಗಡಿ, ಒಬ್ಬ ವಕೀಲರು ಹೀಗೆ, ತಿಂಗಳಿಗೆ 500 ರೂಪಾಯಿಯಂತೆ ನಿರ್ವಹಣಾ ಕರಾರು ಮಾಡಿಕೊಂಡರೆ 5,000 ರೂಪಾಯಿ ನಿಶ್ಚಿತವಾಗಿ ಬರುತ್ತದೆ. ಬಾಡಿಗೆ ಅಲ್ಲಿಗೇ ಹುಟ್ಟಿತು. ಉಳಿದ 19,000ಕ್ಕೆ 300ರ ದರದಲ್ಲಿ 63-64 ಕೆಲಸ ಸಾಕು. ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವ ಕೆಲಸಕ್ಕೆ ಆದಾಯ ನೇರವಾಗಿ ಹರಿಯುತ್ತದೆ ಎಂಬುದು ಈ ವ್ಯಾಪಾರದ ಹಳೆಯ ಗುಟ್ಟು. 1978ರಲ್ಲಿ ಐ.ಬಿ.ಎಂ. ಸಂಸ್ಥೆ ಭಾರತ ಬಿಟ್ಟು ಹೋದಾಗ ದೇಶದಲ್ಲಿ ಉಳಿದ ಅದರ ಯಂತ್ರಗಳ ನಿರ್ವಹಣೆಯನ್ನು ವಹಿಸಿಕೊಂಡದ್ದು ಸಿ.ಎಂ.ಸಿ. ಎಂಬ ಸರ್ಕಾರಿ ಸಂಸ್ಥೆ. ಹೆಸರಿನಲ್ಲೇ ಕಂಪ್ಯೂಟರ್ ನಿರ್ವಹಣೆ ಇದ್ದ ಆ ಸಂಸ್ಥೆ ಮುಂದೆ ದೇಶದ ದೊಡ್ಡ ಕಂಪ್ಯೂಟರ್ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. 2001ರಲ್ಲಿ ಟಾಟಾ ಸಮೂಹದ ಕೈಸೇರಿ 2015ರಲ್ಲಿ ಟಿ.ಸಿ.ಎಸ್.ನಲ್ಲಿ ವಿಲೀನವಾಯಿತು.

ಪೇಟೆಯ ನಡುವೋ, ಅಂಚೋ?

ಅಂಗಡಿ ಎಲ್ಲಿ ಹಾಕಬೇಕು? ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1929ರಲ್ಲಿ ಬರೆದ ಒಂದು ಪ್ರಬಂಧ ಈ ಪ್ರಶ್ನೆಗೆ ಸಂಬಂಧಿಸಿದ್ದು. ಒಂದು ಉದ್ದನೆಯ ಬೀದಿ, ಅದರುದ್ದಕ್ಕೂ ಹರಡಿದ ಮನೆಗಳು, ಒಂದೇ ಮಾಲು ಮಾರುವ ಎರಡು ಅಂಗಡಿಗಳು. ಪ್ರತಿಯೊಬ್ಬನೂ ಇನ್ನೊಬ್ಬನ ಗಿರಾಕಿಗಳನ್ನು ಸೆಳೆಯಲು ನಡುವಿನತ್ತ ಸರಿಯುತ್ತಾ ಕೊನೆಗೆ ಎರಡೂ ಅಂಗಡಿ ಬೀದಿಯ ನಡುಮಧ್ಯದಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಬೀದಿಯ ಎರಡು ತುದಿಯವರಿಗೆ ಮಾತ್ರ ನಡಿಗೆ ತಪ್ಪುವುದಿಲ್ಲ. ಯಾವ ಪಟ್ಟಣದ ಬಸ್ ನಿಲ್ದಾಣದ ಎದುರು ನಿಂತು ನೋಡಿದರೂ ಈ ಮಾತಿನ ಸತ್ಯ ಕಾಣುತ್ತದೆ.

ಬಂಡವಾಳವಿಲ್ಲದ ಹೊಸಬ ನಡುಪೇಟೆಯ ಬಾಡಿಗೆಗೆ ಹೋರಾಡುವುದಕ್ಕಿಂತ ತುದಿಯವರ ನಡಿಗೆ ತಪ್ಪಿಸುವುದು ಮೇಲು. ಬೈಲಹೊಂಗಲದ ಸುತ್ತ ನೇಸರಗಿ, ದೊಡವಾಡ, ಬೆಳವಡಿ ಇವೆ. ಸವದತ್ತಿಯ ಬಳಸಿನಲ್ಲಿ ಮುರಗೋಡ, ಯರಗಟ್ಟಿ, ಮುನವಳ್ಳಿ ಇವೆ. ರಾಮದುರ್ಗದ ಕಡೆ ಕಟಕೋಳ, ಸುರೇಬಾನ ಇವೆ. ಇವೆಲ್ಲ ಶಾಲೆ, ಬ್ಯಾಂಕು, ಸೊಸೈಟಿ, ಆಸ್ಪತ್ರೆ ಇರುವ ಊರುಗಳು. ಸೋಮವಾರ ಒಂದು ದಾರಿ, ಗುರುವಾರ ಇನ್ನೊಂದು ದಾರಿ ಎಂದು ದಿನ ಗೊತ್ತುಮಾಡಿ, ಹೇಳಿದ ದಿನ ತಪ್ಪದೆ ಹೋಗುವ ಹುಡುಗನಿಗೆ ಅಂಗಡಿ ಗಲ್ಲಿಯಲ್ಲಿದ್ದರೂ ಚಿಂತೆಯಿಲ್ಲ. ಸಂತೆಯ ದಿನ ನೋಡಿಕೊಂಡರೆ ಇನ್ನೂ ಉತ್ತಮ. ಜನ ಹೇಗೂ ಪೇಟೆಗೆ ಬರುತ್ತಾರೆ, ಕೆಟ್ಟ ಯಂತ್ರ ಬೆಳಿಗ್ಗೆ ಕೊಟ್ಟು ಸಂತೆ ಮುಗಿಸಿ ಸಂಜೆ ಒಯ್ಯಬಹುದು.

ನಾಲ್ಕೂ ಊರುಗಳ ಗುಣ ಒಂದೇ ಅಲ್ಲ ಎಂಬುದೂ ನೆನಪಿರಲಿ. ಕಿತ್ತೂರು ಬೆಳಗಾವಿ-ಧಾರವಾಡ ಹೆದ್ದಾರಿಯ ಮೇಲಿದೆ, ಧಾರವಾಡ ಸುಮಾರು 30 ಕಿಲೋಮೀಟರ್. ಅಲ್ಲಿನ ಎದುರಾಳಿ ಊರೊಳಗಿನ ಅಂಗಡಿಗಿಂತ ಹೆಚ್ಚಾಗಿ ಧಾರವಾಡದ ಪೇಟೆಯೇ. ಪ್ರತಿವರ್ಷ ಅಕ್ಟೋಬರ್ ಕೊನೆಗೆ ಕಿತ್ತೂರು ಉತ್ಸವ ಬಂದಾಗ ಫ್ಲೆಕ್ಸ್ ಮುದ್ರಕರಿಗೂ ಫೋಟೋದವರಿಗೂ ಹಗಲುರಾತ್ರಿ ಕೆಲಸ. ಸವದತ್ತಿಯಲ್ಲಿ ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳ ಮುಂದೆ ಲಾಡ್ಜು, ಸ್ಟುಡಿಯೋ, ಅಂಗಡಿಗಳ ಬಿಲ್ಲಿನ ಯಂತ್ರಗಳು ನಿಲ್ಲುವಂತಿಲ್ಲ. ಬೈಲಹೊಂಗಲ ಹತ್ತಿಯ ಪೇಟೆಯೆಂದು ಹಿಂದಿನಿಂದ ಹೆಸರಾದ ಊರು. ರಾಮದುರ್ಗ ನೇಕಾರರ ಊರು, ದೊಡ್ಡ ನಗರಗಳಿಂದ ದೂರ. ಗಿರಾಕಿಯ ಕೆಲಸ ಯಾವ ತಿಂಗಳು ಜೋರಾಗಿರುತ್ತದೆ ಎಂದು ತಿಳಿದು ಅದಕ್ಕೆ ಒಂದು ತಿಂಗಳು ಮೊದಲೇ ಯಂತ್ರ ತೊಳೆದು, ಒರೆಸಿ, ಪರೀಕ್ಷಿಸಿ ಕೊಡುವವನೇ ಆ ಊರಿನ ರಿಪೇರಿಯವ ಎನಿಸಿಕೊಳ್ಳುತ್ತಾನೆ.

ಕಣ್ಣಿಗೆ ಕಾಣದ ಕೆಲಸ

ತರಕಾರಿ ಕೊಳ್ಳುವಾಗ ಬಾಡಿದ್ದೋ ಹಸಿಯೋ ನೋಡಬಹುದು. ಕಂಪ್ಯೂಟರಿನ ಒಳಗೆ ನಿಜವಾಗಿ ಏನು ಕೆಟ್ಟಿತ್ತು, ಏನು ಹಾಕಿದರು ಎಂಬುದು ಗಿರಾಕಿಗೆ ಕೆಲಸ ಮುಗಿದ ಮೇಲೂ ತಿಳಿಯದು. 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು ಇಂಥ ಸೇವೆಗಳನ್ನು ನಂಬಿಕೆಯ ಮೇಲೆ ನಡೆಯುವ ಬೇರೆಯೇ ಒಂದು ವರ್ಗವೆಂದು ಗುರುತಿಸಿದರು. ಅವರು ಚರ್ಚಿಸಿದ್ದು ದುರಸ್ತಿಯ ಕಸುಬನ್ನೇ. ಗಿರಾಕಿ ಹಳೆಯ ಅಂಗಡಿಗೇ ಹೋಗುವುದು ಅಲ್ಲಿ ಕೆಲಸ ಚೆನ್ನಾಗಿದೆ ಎಂಬುದಕ್ಕಿಂತ ಹೆಚ್ಚಾಗಿ, ಮೋಸವಾದರೆ ಹಿಡಿದು ಕೇಳಲು ಅವನು ಅಲ್ಲೇ ಇರುತ್ತಾನೆ ಎಂಬ ಭರವಸೆಯಿಂದ.

ಹೊಸಬ ಈ ಭರವಸೆಯನ್ನು ಹುಟ್ಟಿಸಬೇಕಾದರೆ ಕಾಣದ ಕೆಲಸವನ್ನು ಕಾಣುವಂತೆ ಮಾಡಬೇಕು. ಮುರಗೋಡದಿಂದ ಬಂದ ಹಿರಿಯರೊಬ್ಬರು ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು, ‘ತಮ್ಮಾ, ಮಗಳದು, ಚಾಲೂನ ಆಗವಲ್ದು. ಎಷ್ಟಾಗತೈತಿ ನೋಡಪಾ’ ಎಂದರೆ ಬಾಯಿಗೆ ಬಂದ ಮೊತ್ತ ಹೇಳಬಾರದು. ‘ಕಾಕಾ, ಮೊದಲ ಬಿಚ್ಚಿ ನೋಡ್ತೀನ್ರಿ. ಸಂಜಿಕ ಫೋನ್ ಮಾಡಿ ಖರ್ಚು ಹೇಳ್ತೀನಿ. ನೀವು ಹ್ಞೂಂ ಅಂದ ಮ್ಯಾಲನ ಕೆಲಸಾ ಹಿಡೀತೀನ್ರಿ’ ಎಂಬುದು ಸರಿಯಾದ ಉತ್ತರ. ಯಂತ್ರ ಒಳಗಿಟ್ಟುಕೊಳ್ಳುವಾಗಲೇ ಒಂದು ಚೀಟಿ ಬರೆಯಬೇಕು. ಯಂತ್ರದ ಹೆಸರು, ಕ್ರಮಸಂಖ್ಯೆ, ಗಿರಾಕಿ ಹೇಳಿದ ದೂರು, ಚಾರ್ಜರ್ ಕೊಟ್ಟಿದ್ದಾರೋ ಇಲ್ಲವೋ, ಮೈಮೇಲೆ ಇರುವ ಒಡಕು, ಕೊಡುವ ದಿನ ಎಲ್ಲವೂ ಅದರಲ್ಲಿರಬೇಕು. ತೆಗೆದ ಹಳೆಯ ಭಾಗವನ್ನು ಪೊಟ್ಟಣ ಕಟ್ಟಿ ಗಿರಾಕಿಯ ಕೈಗೇ ಕೊಡಬೇಕು. ಹಾಕಿದ ಭಾಗಕ್ಕೆ ಎಷ್ಟು ತಿಂಗಳ ಖಾತರಿ ಎಂದು ಬಿಲ್ಲಿನಲ್ಲಿ ಬರೆಯಬೇಕು. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯ ಲೋಪಕ್ಕೂ ದೂರು ಕೊಡಬಹುದು. ಬರೆದ ಚೀಟಿ ಗಿರಾಕಿಯನ್ನೂ ಕಾಯುತ್ತದೆ, ಅಂಗಡಿಯವನನ್ನೂ ಕಾಯುತ್ತದೆ.

ಯಂತ್ರಕ್ಕಿಂತ ಅದರೊಳಗಿನ ಮಾಹಿತಿ ದೊಡ್ಡದು. ಸ್ಟುಡಿಯೋದವನ ಕಂಪ್ಯೂಟರಿನಲ್ಲಿ ಯಾರದೋ ಮದುವೆಯ ಚಿತ್ರಗಳಿರುತ್ತವೆ. ಮದುವೆಯನ್ನು ಮತ್ತೊಮ್ಮೆ ಮಾಡಿಸಲಾಗದು. ಸೊಸೈಟಿಯ ಕಂಪ್ಯೂಟರಿನಲ್ಲಿ ನೂರಾರು ಮನೆಗಳ ಸಾಲದ ಲೆಕ್ಕವಿರುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕ್ ಮುಟ್ಟುವ ಮೊದಲು ಮಾಹಿತಿಯನ್ನು ಬೇರೆಡೆಗೆ ನಕಲು ಮಾಡಿಕೊಳ್ಳುವುದು ಈ ಕಸುಬಿನ ಮೊದಲ ನೇಮ. ಕಟಕಟ ಸದ್ದು ಮಾಡುವ ಡಿಸ್ಕನ್ನು ಮತ್ತೆ ಮತ್ತೆ ಚಾಲೂ ಮಾಡಿ ಪ್ರಯೋಗಕ್ಕಿಳಿದರೆ ಉಳಿದದ್ದೂ ಹೋಗುತ್ತದೆ. ಅದು ತನ್ನಿಂದಾಗದ ಕೆಲಸವೆಂದು ಒಪ್ಪಿ ನುರಿತವರ ಬಳಿ ಕಳಿಸುವುದೇ ಪ್ರಾಮಾಣಿಕತೆ.

ಇನ್ನೊಂದು ಸೂಕ್ಷ್ಮ ವಿಷಯವನ್ನು ತಂದೆ ತಾಯಂದಿರು ಮಗನಿಗೆ ಬಿಡಿಸಿ ಹೇಳಬೇಕು. ದುರಸ್ತಿಗೆ ಬಂದ ಯಂತ್ರದಲ್ಲಿ ಮನೆಮಂದಿಯ, ಹೆಣ್ಣುಮಕ್ಕಳ ಚಿತ್ರಗಳಿರುತ್ತವೆ. ಅವನ್ನು ತೆರೆದು ನೋಡುವುದು ನಂಬಿಕೆದ್ರೋಹ. ಒಪ್ಪಿಗೆಯಿಲ್ಲದೆ ದುರುದ್ದೇಶದಿಂದ ನಕಲು ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಅಪರಾಧ. ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಣ್ಣ ಊರಿನಲ್ಲಿ ಕಾನೂನಿಗಿಂತ ಮೊದಲು ಮಾತು ಹಬ್ಬುತ್ತದೆ, ಹಬ್ಬಿದ ಮೇಲೆ ಅಂಗಡಿ ಉಳಿಯದು.

ಈ ನೆಲದ ಕಾಯಿಲೆಗಳು

ಪುಸ್ತಕದಲ್ಲಿ ಓದಿದ ದುರಸ್ತಿ ಬೇರೆ, ಎರೆಮಣ್ಣಿನ ಸೀಮೆಯ ದುರಸ್ತಿ ಬೇರೆ. ಇಲ್ಲಿ ಯಂತ್ರದ ಮೊದಲ ಶತ್ರು ಧೂಳು. ಅರಳೆಯ ಎಳೆ ತೇಲುವ ಪೇಟೆಯಲ್ಲಿ ಫ್ಯಾನಿನ ರೆಕ್ಕೆಗೆ ಧೂಳು ಮೆತ್ತಿಕೊಂಡು ಗಾಳಿ ನಿಲ್ಲುತ್ತದೆ, ಪ್ರೊಸೆಸರ್ ಕಾಯುತ್ತದೆ, ಕಾದ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ ಅಥವಾ ನಿಂತುಬಿಡುತ್ತದೆ. ಅದನ್ನು ವೈರಸ್ ಎಂದು ತಿಳಿದು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವವರಿದ್ದಾರೆ. ಒಂದು ಬ್ರಷ್, ಗಾಳಿ ಊದುವ ಯಂತ್ರ, ಪ್ರೊಸೆಸರಿನ ಮೇಲೆ ಹೊಸದಾಗಿ ಸವರಿದ ಶಾಖವಾಹಕ ಪೇಸ್ಟು ಇಷ್ಟರಲ್ಲಿ ಮುಗಿಯುವ ಕೆಲಸವದು.

ಎರಡನೆಯ ಶತ್ರು ವಿದ್ಯುತ್ತಿನ ಏರಿಳಿತ. ಹೋದ ಕರೆಂಟು ತಿರುಗಿ ಬರುವಾಗಿನ ಹೊಡೆತಕ್ಕೆ ಮೊದಲು ಬಲಿಯಾಗುವುದು ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆ. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ ಎಷ್ಟು ಎಸ್.ಎಂ.ಪಿ.ಎಸ್. ಬದಲಿಸಿದರೂ ಅಷ್ಟೇ. ಮೀಟರ್ ಹಿಡಿದು ಅರ್ಥಿಂಗ್ ಪರೀಕ್ಷಿಸಿ, ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿಕೊಳ್ಳಿ ಎಂದು ಹೇಳುವವನು ಒಂದು ಬಿಡಿಭಾಗದ ಲಾಭ ಕಳೆದುಕೊಂಡು ವರ್ಷಗಳ ಗಿರಾಕಿಯನ್ನು ಗಳಿಸುತ್ತಾನೆ. ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ಸಿ.ಆರ್. 2032 ಎಂಬ ಬಿಲ್ಲೆಯಂಥ ಮೂರು ವೋಲ್ಟಿನ ಬ್ಯಾಟರಿ ಮುಗಿದಿದೆ ಎಂದರ್ಥ. ಚಾಲೂ ಆಗದೆ ಬೀಪ್ ಬೀಪ್ ಎನ್ನುತ್ತಿದ್ದರೆ ಬಹಳ ಸಲ ರ್‍ಯಾಮಿನ ಪಟ್ಟಿ ತೆಗೆದು ಅದರ ತುದಿಯನ್ನು ಶುಚಿಮಾಡಿ ಕೂಡಿಸಿದರೆ ಸಾಕಾಗುತ್ತದೆ. ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್.ಎಸ್.ಡಿ. ಹಾಕಿದರೆ ಎಸೆಯಬೇಕೆಂದಿದ್ದ ಯಂತ್ರವೂ ಇನ್ನೆರಡು ಮೂರು ವರ್ಷ ದುಡಿಯುತ್ತದೆ.

ಮೂರನೆಯದು ಕನ್ನಡದ ಪ್ರಶ್ನೆ. ಇದರಲ್ಲಿ ಹೊಸಬ ನಿಜವಾಗಿಯೂ ಹೆಸರು ಮಾಡಬಹುದು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಮುಂತಾದ ತಂತ್ರಾಂಶಗಳಲ್ಲಿ ವರ್ಷಗಟ್ಟಲೆ ಬರೆದಿಟ್ಟ ಹಳೆಯ ಕಡತಗಳು ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿವೆ. ಹೊಸ ಯಂತ್ರದಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪತ್ರ ಬರೆಯುವವರು, ಡಿ.ಟಿ.ಪಿ. ಅಂಗಡಿಯವರು, ಶಾಲೆಯ ಗುಮಾಸ್ತರು ಎಲ್ಲರಿಗೂ ಇದು ತಲೆನೋವು. ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಕೀಲಿಮಣೆಯ ವಿನ್ಯಾಸ ಹೊಂದಿಸಿ, ಪ್ರಿಂಟರಿನಲ್ಲಿ ಒತ್ತಕ್ಷರ ಮುರಿಯದಂತೆ ಮಾಡಿಕೊಡಲು ಬಲ್ಲವನಿಗೆ ಧಾರವಾಡದ ದೊಡ್ಡ ಅಂಗಡಿಯೂ ಸುಲಭದ ಎದುರಾಳಿಯಲ್ಲ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಬಹಳಷ್ಟು ವಿಂಡೋಸ್ 11ಕ್ಕೆ ಅರ್ಹವಲ್ಲ. ಇಂಥಲ್ಲಿ ಕದ್ದ ನಕಲು ಹಾಕಿಕೊಡುವ ಆಮಿಷ ದೊಡ್ಡದು. ಅಕ್ರಮ ನಕಲೆಂದು ತಿಳಿದೂ ತಂತ್ರಾಂಶ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ಏಳು ದಿನದಿಂದ ಮೂರು ವರ್ಷದವರೆಗೆ ಸೆರೆಯನ್ನು ಹೇಳುತ್ತದೆ. ಕದ್ದ ತಂತ್ರಾಂಶದ ಜೊತೆ ವೈರಸ್ಸೂ ಬರಬಹುದು. ಲಿನಕ್ಸ್, ಲಿಬ್ರೆ ಆಫೀಸ್‌ಗಳಂಥ ಮುಕ್ತ ತಂತ್ರಾಂಶಗಳಿಗೆ ಬೆಲೆಯಿಲ್ಲ, ಕನ್ನಡವೂ ಅವುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಅವನ್ನು ಹಾಕಿ, ಬಳಸಲು ಅರ್ಧ ಗಂಟೆ ಕಲಿಸಿ, ಆ ಕಲಿಕೆಗೆ ಹಣ ಪಡೆಯುವುದು ಮರ್ಯಾದೆಯ ದಾರಿ.

ಪುಣೆಯ ಒಂದು ಪಾಠ

ಬೆಳಗಾವಿಯಿಂದ ಒಂದು ರಾತ್ರಿಯ ಬಸ್ ದಾರಿಯಾದ ಪುಣೆಯಲ್ಲಿ ಕೈಲಾಶ್ ಕಾಟ್ಕರ್ ಎಂಬ ಯುವಕ 1990ರ ಸುಮಾರಿಗೆ ಸಣ್ಣದೊಂದು ಅಂಗಡಿ ತೆರೆದರು. ಹತ್ತನೆಯ ತರಗತಿಯ ಆಚೆಗೆ ಓದಿರಲಿಲ್ಲ. ಕ್ಯಾಲ್ಕುಲೇಟರ್ ರಿಪೇರಿಯ ಕೆಲಸಕ್ಕೆ ಸೇರಿ ಕಸುಬು ಕಲಿತವರು. ಕ್ಯಾಲ್ಕುಲೇಟರಿನಿಂದ ಕಚೇರಿ ಯಂತ್ರಗಳಿಗೆ, ಅಲ್ಲಿಂದ ಕಂಪ್ಯೂಟರಿಗೆ ಬಂದರು. ನಿರ್ವಹಣಾ ಕರಾರಿನ ವ್ಯವಹಾರವನ್ನು ಬೆಳೆಸಿದರು. ತಮ್ಮ ಸಂಜಯನನ್ನು ಕಂಪ್ಯೂಟರ್ ಓದಿಗೆ ಹಚ್ಚಿದರು. ರಿಪೇರಿಗೆ ಬರುವ ಯಂತ್ರಗಳಲ್ಲಿ ಮತ್ತೆ ಮತ್ತೆ ಒಂದೇ ದೂರು ಕಾಣುತ್ತಿತ್ತು: ವೈರಸ್. ಅದನ್ನು ತೆಗೆಯಲು ಸಂಜಯ ಬರೆದ ಸಣ್ಣ ತಂತ್ರಾಂಶಗಳೇ 1990ರ ದಶಕದ ನಡುವಿನಲ್ಲಿ ‘ಕ್ವಿಕ್ ಹೀಲ್’ ಎಂಬ ಉತ್ಪನ್ನವಾದವು. ಆಗ ಮಾರುಕಟ್ಟೆಯಲ್ಲಿ ಹೊರದೇಶದ ದೊಡ್ಡ ಕಂಪೆನಿಗಳ ಆಂಟಿವೈರಸ್ ನೆಲೆಯೂರಿದ್ದವು. 2007ರಲ್ಲಿ ಕಂಪೆನಿ ಅದೇ ಹೆಸರನ್ನು ಇಟ್ಟುಕೊಂಡಿತು, 2016ರ ಫೆಬ್ರುವರಿಯಲ್ಲಿ ಷೇರು ಮಾರುಕಟ್ಟೆಗೆ ಬಂದಿತು.

ರಿಪೇರಿ ಅಂಗಡಿಯವರೆಲ್ಲ ಹೀಗೆ ಬೆಳೆಯುತ್ತಾರೆ ಎಂದು ಇದರಿಂದ ತಿಳಿಯಬಾರದು, ಬೆಳೆಯುವವರು ಬಹಳ ಕಡಿಮೆ. ಇಲ್ಲಿ ಕಲಿಯಬೇಕಾದದ್ದು ಒಂದು ಅಭ್ಯಾಸವನ್ನು. ಬಂದ ಪ್ರತಿಯೊಂದು ದೂರನ್ನೂ ವಹಿಯಲ್ಲಿ ಬರೆದಿಟ್ಟರೆ ಆರು ತಿಂಗಳಲ್ಲಿ ಈ ಊರಿಗೆ ಯಾವ ಕಷ್ಟ ಮತ್ತೆ ಮತ್ತೆ ಬರುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಯಾವ ಬಿಡಿಭಾಗ ದಾಸ್ತಾನು ಮಾಡಬೇಕು, ಯಾವ ವಿದ್ಯೆ ಕಲಿಯಬೇಕು ಎಂಬುದನ್ನು ಆ ವಹಿಯೇ ಹೇಳುತ್ತದೆ.

ಕಲಿಕೆ, ಸಾಲ, ಕಾಗದಪತ್ರ

ಐ.ಟಿ.ಐ.ಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಒಂದು ವರ್ಷದ ವೃತ್ತಿ ಶಿಕ್ಷಣವಿದೆ. ಎಸ್.ಎಸ್.ಎಲ್.ಸಿ. ನಂತರ ಮೂರು ವರ್ಷದ ಡಿಪ್ಲೊಮಾ ಓದಬಹುದು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆ ಎರಡು ಬ್ಯಾಂಕುಗಳ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಶಾಖೆ ಧಾರವಾಡದಲ್ಲಿದೆ. ಇಂಥ ಸಂಸ್ಥೆಗಳಲ್ಲಿ ಊಟ, ವಸತಿಯೊಡನೆ ಸ್ವಉದ್ಯೋಗದ ತರಬೇತಿ ಉಚಿತ. ಇವೆಲ್ಲಕ್ಕಿಂತ ಮೊದಲು ಒಂದು ವರ್ಷ ಯಾವುದಾದರೂ ಹಳೆಯ ಅಂಗಡಿಯಲ್ಲಿ ಕೈಕೆಳಗೆ ದುಡಿಯುವುದು ಮೇಲು. ಆದರೆ ಅಲ್ಲಿನ ಗಿರಾಕಿಗಳ ಪಟ್ಟಿ ಹೊತ್ತು ಹೊರಬರುವುದು ಸಲ್ಲ.

ಬಂಡವಾಳಕ್ಕೆ 2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿವರೆಗೆ, ‘ಕಿಶೋರ್’ ವರ್ಗದಲ್ಲಿ ಐದು ಲಕ್ಷದವರೆಗೆ ಅಡವಿಲ್ಲದೆ ಸಾಲ ದೊರೆಯುತ್ತದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸಾಮಾನ್ಯ ವರ್ಗದವರಿಗೆ ಹಳ್ಳಿಯಲ್ಲಿ ಶೇ. 25, ಪಟ್ಟಣದಲ್ಲಿ ಶೇ. 15 ಸಹಾಯಧನವಿದೆ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮೊದಲಾದವರಿಗೆ ಅದು ಶೇ. 35 ಮತ್ತು ಶೇ. 25. ಹೆಣ್ಣುಮಕ್ಕಳೂ ಈ ಕಸುಬಿಗೆ ಬರಲು ಇದು ಒಂದು ಕಾರಣವಾಗಲಿ. ಮೇಜಿನ ಮೇಲೆ ಕುಳಿತು ಮಾಡುವ ಸೂಕ್ಷ್ಮ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ತಮ್ಮ ಫೋನು, ಲ್ಯಾಪ್‌ಟಾಪುಗಳನ್ನು ಹೆಣ್ಣುಮಗಳೊಬ್ಬಳ ಕೈಗೆ ಕೊಡಲು ಬಯಸುವ ಗಿರಾಕಿಗಳೂ ಇರುತ್ತಾರೆ.

ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಪರವಾನಗಿ, ಉಚಿತವಾದ ಉದ್ಯಮ್ ನೋಂದಣಿ ಇಷ್ಟು ಮೊದಲು ಬೇಕು. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಕೆಟ್ಟ ಬೋರ್ಡು, ಬ್ಯಾಟರಿಗಳನ್ನು ಹಳ್ಳಕ್ಕೆ ಎಸೆಯಬಾರದು, ಸುಡಲೂಬಾರದು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಅವು ತಲುಪಬೇಕು.

ಎದುರಾಳಿಯೊಡನೆ ಹೇಗಿರಬೇಕು?

ಗಿರಾಕಿಯ ಮುಂದೆ ಇನ್ನೊಬ್ಬರ ಕೆಲಸವನ್ನು ಹಳಿಯುವುದು ಸಣ್ಣ ಊರಿನಲ್ಲಿ ಎಲ್ಲಕ್ಕಿಂತ ಕೆಟ್ಟ ವ್ಯಾಪಾರ. ಮಾತು ಸಂಜೆಯೊಳಗೆ ಅಲ್ಲಿಗೆ ತಲುಪುತ್ತದೆ. ಹಬ್ಬಕ್ಕೋ ಮದುವೆಗೋ ಎದುರಾದಾಗ ‘ಅಣ್ಣಾ, ಹೆಂಗದೀರಿ’ ಎಂದು ಮಾತನಾಡಿಸುವಷ್ಟು ಬಳಕೆ ಇರಬೇಕು. ದೊಡ್ಡ ಅಂಗಡಿಗೆ ಬೇಡವಾದ ಹಳ್ಳಿಯ ಕೆಲಸ, ಹಳೆಯ ಪ್ರಿಂಟರ್ ಕೆಲಸ ಹೊಸಬನಿಗೆ ಬರಬಹುದು. ಹೊಸಬನಿಂದಾಗದ ಚಿಪ್ ಮಟ್ಟದ ಕೆಲಸ, ದೊಡ್ಡ ನೆಟ್‌ವರ್ಕ್ ಕೆಲಸ ಅಲ್ಲಿಗೆ ಹೋಗಬಹುದು. ಗಿರಾಕಿಯ ಕೆಲಸ ನಿಲ್ಲದಂತೆ ಇಬ್ಬರೂ ನೋಡಿಕೊಂಡರೆ ಬೆಳಗಾವಿಗೂ ಧಾರವಾಡಕ್ಕೂ ಹೋಗುತ್ತಿದ್ದ ವ್ಯಾಪಾರ ಊರಲ್ಲೇ ಉಳಿಯುತ್ತದೆ.

ಕೊನೆಯದಾಗಿ, ಅಂಗಡಿ ತೆರೆಯುವ ಮೊದಲೇ ಮನೆಯಲ್ಲಿ ಎರಡು ಮಾತು ತೀರ್ಮಾನವಾಗಬೇಕು. ಎಷ್ಟು ಹಣದವರೆಗೆ ಹಾಕುವುದು, ಎಷ್ಟು ತಿಂಗಳವರೆಗೆ ನೋಡುವುದು. ಒಂದೂವರೆ ವರ್ಷವೆಂದು ಗೊತ್ತುಮಾಡಿದರೆ ಅಷ್ಟು ಕಾಲ ತಂದೆ ತಾಯಂದಿರು ದಿನಕ್ಕೊಮ್ಮೆ ‘ಎಷ್ಟ ಗಳಿಸಿದಿ’ ಎಂದು ಕೇಳದಿರಲಿ. ತಿಂಗಳಿಗೊಮ್ಮೆ ಲೆಕ್ಕದ ವಹಿ ನೋಡಲಿ. ಮಗನೂ ಸೋತ ತಿಂಗಳ ಲೆಕ್ಕವನ್ನು ಮುಚ್ಚಿಡದಿರಲಿ. ಒಮ್ಮೆ ಬಂದ ಗಿರಾಕಿ ಮತ್ತೆ ಬರುತ್ತಿದ್ದಾನೆಯೇ, ಇನ್ನೊಬ್ಬರನ್ನು ಕಳಿಸುತ್ತಿದ್ದಾನೆಯೇ ಎಂಬುದನ್ನು ಆ ವಹಿಯಲ್ಲಿ ಹುಡುಕಬೇಕು. ಬರುತ್ತಿದ್ದರೆ ಅಂಗಡಿ ಸಣ್ಣದಿದ್ದರೂ ಬೇರು ಹಿಡಿಯುತ್ತಿದೆ. ಬಾರದಿದ್ದರೆ ಗೊತ್ತುಮಾಡಿದ ದಿನ ಬಾಗಿಲು ಹಾಕುವುದು ಅವಮಾನವಲ್ಲ. ಕೈಗೆ ಹತ್ತಿದ ಕೆಲಸ ಕೈಯಲ್ಲೇ ಇರುತ್ತದೆ, ಯಂತ್ರ ಇದ್ದಲ್ಲೆಲ್ಲ ಅದಕ್ಕೆ ಕೂಲಿ ಇದೆ.